ಬಲಗಡೆ ಸೆರಗು, ಎಡಗಡೆ ಬಾಗಿಲು

ಬಯಲುಸೀಮೆಯ ಒಂದೂರಲ್ಲಿ ಫಣೀಂದ್ರ, ಗುರುಸಿದ್ದ ಅಂತ ಇಬ್ಬರು ಗೆಳೆಯರಿದ್ರು. ಇಬ್ಬರಿಗೂ ಒಂದೇ ಹುಚ್ಚು, ಹಳೇ ವಿಮಾನಗಳ ಪುಟಾಣಿ ಮಾಡೆಲ್ ಮಾಡೋದು! ಆಟಿಕೆ ಅಲ್ಲ ಮತ್ತೆ. ಆಟಿಕೆ ಅಂದ್ರೆ ಫಣೀಂದ್ರ ಹೊಡೆಯೋಕೇ ಬರ್ತಿದ್ದ. ನಿಜವಾದ ವಿಮಾನದಲ್ಲಿ ಎಲ್ಲಿ ಚೌಕಟ್ಟೋ ಇಲ್ಲೂ ಅಲ್ಲೇ ಚೌಕಟ್ಟು, ಎಲ್ಲಿ ತಗಡು ಜೋಡಿಸೋ ರಿವೆಟ್ಟೋ ಅಲ್ಲೇ ರಿವೆಟ್ಟು. ಒಂದೊಂದು ರಿವೆಟ್ಟಿಗೂ ಸೂಜಿ ಮೊನೇಲಿ ಅಂಟು ತಗೊಂಡು ಸಾಸಿವೆಗಿಂತ ಸಣ್ಣ ಚುಕ್ಕಿ ಇಡ್ಬೇಕು, ಜೋರಾಗಿ ಉಸಿರು ಬಿಟ್ರೂ ಕೆಟ್ಟೋಯ್ತು!

ಒಂದ್ಸಲ ಊರಿನ ಮ್ಯೂಸಿಯಂನವರು ಇವರನ್ನ ಕರೆದ್ರು. ಅಜ್ಜಂದಿರ ಕಾಲದಲ್ಲಿ ಊರ ಮೈದಾನಕ್ಕೆ ಒಂದು ಪುಟ್ಟ ವಿಮಾನ ಬಂದಿಳೀತಿತ್ತಂತೆ. ಅದು ಗುಜರಿ ಸೇರಿ ಯಾವ ಕಾಲವಾಯ್ತೋ. "ಅದರ ಮಾಡೆಲ್ ಮಾಡ್ಕೊಡಿ, ಯುಗಾದಿ ದಿನ ಗಾಜಿನ ಪೆಟ್ಟಿಗೇಲಿಟ್ಟು ಊರಿಗೆಲ್ಲ ತೋರಿಸ್ತೀವಿ" ಅಂದ್ರು.

ಇಬ್ಬರೂ ಊರೆಲ್ಲ ಜಾಲಾಡಿದ್ರು. ಸಿಕ್ಕಿದ್ದು ಒಂದೇ ಒಂದು ಫೋಟೋ. ಅದರಲ್ಲಿ ವಿಮಾನದ ಎಡಗಡೆ ಮೈ, ಆ ಮೈಯಲ್ಲಿ ಬಾಗಿಲು, ಬಾಗಿಲ ಚೌಕಟ್ಟಿನ ಸುತ್ತ ಜೋಡಿ ಸಾಲು ರಿವೆಟ್. ಪಕ್ಕದಲ್ಲಿ ಸೀರೆ ಉಟ್ಟು ನಗ್ತಾ ನಿಂತ ಒಬ್ಬ ಹೆಂಗಸು. ವಿಮಾನದ ಮೇಲೆ ಬರೆದಿದ್ದ ಅಕ್ಷರ ಫೋಟೋದಲ್ಲಿ ಬಿದ್ದೇ ಇರ್ಲಿಲ್ಲ. ಆ ಜಾತಿ ವಿಮಾನದಲ್ಲಿ ಕೆಲವಕ್ಕೆ ಬಾಗಿಲು ಎಡಕ್ಕೆ, ಕೆಲವಕ್ಕೆ ಬಲಕ್ಕೆ. ಹಂಗಾಗಿ ಈ ಫೋಟೋ ಒಂದೇ ಸಾಕ್ಷಿ!

ರಿವೆಟ್ ಇಡೋದ್ರಲ್ಲಿ ಗುರುಸಿದ್ದನ ಕೈಯೇ ಕೈ. ಎಡಗಡೆ ಬಾಗಿಲು ಕೂರಿಸಿ, ಕಣ್ಣಲ್ಲಿ ನೀರು ಸುರಿಯೋವರೆಗೂ ಕೂತು ಒಂದೊಂದೇ ಚುಕ್ಕಿ ಇಟ್ಟ. ಯುಗಾದಿ ಹಿಂದಿನ ದಿನ ಮಧ್ಯಾಹ್ನ ಫಣೀಂದ್ರ ಸುಮ್ನೆ ಫೋಟೋಗೆ ಭೂತಗನ್ನಡಿ ಹಿಡಿದ. ಹಿಡಿದವನೇ ಕಿರುಚಿದ.

"ಲೋ ಸಿದ್ದಾ! ಈಯಮ್ಮನ ಸೆರಗು ನೋಡೋ, ಬಲಭುಜದ ಮೇಲಿದೆ!"

"ಇದ್ರೆ ಇರ್ಲಿ ಬಿಡೋ. ಅವರ ಸೆರಗು, ಅವರಿಷ್ಟ."

"ತಮಾಷೆ ಮಾಡ್ತೀಯಾ? ಯಾವ ಹೆಂಗಸು ಬಲಗಡೆ ಸೆರಗು ಹಾಕ್ತಾಳೋ? ಫೋಟೋ ಎಡಬಲ ಉಲ್ಟಾ ಪ್ರಿಂಟಾಗಿದೆ! ಅಂದ್ರೆ ಬಾಗಿಲು ಬಲಗಡೆ! ನೀನು ತಗೊಂಡೋಗಿ ಎಡಗಡೆ ಕೂರಿಸಿದೀಯ!"

ಗುರುಸಿದ್ದ ಭೂತಗನ್ನಡಿ ಇಸ್ಕೊಂಡು ನೋಡಿದ. "ಫಣಿ, ನೆರಿಗೇನೂ ಮುಂದೆ ಕಾಣ್ತಿಲ್ಲ ನೋಡು. ಉಟ್ಟಿರೋ ರೀತೀನೇ ಬೇರೆ. ಸಂಜೆ ಮ್ಯೂಸಿಯಂ ಮೇಡಂ ಬರ್ತಾರಲ್ಲ, ಒಂದು ಮಾತು ಕೇಳೋಣ. ಅಲ್ಲೀವರೆಗೂ ಮುಟ್ಬೇಡ."

ಕೇಳೋಣ ಅಂದಿದ್ದೇ ತಡ, ಫಣೀಂದ್ರನ ನೆತ್ತಿಗೇರ್ತು ನೋಡಿ ಸಿಟ್ಟು! "ಸೀರೆ ವಿಷ್ಯಕ್ಕೆ ಮೇಡಂನ ಕೇಳ್ಬೇಕಾ? ನಮ್ಮನೇಲಿ ಅಮ್ಮ ಇಲ್ವಾ, ಅಕ್ಕಂದಿರಿಲ್ವಾ, ಹೆಂಡ್ತಿ ಇಲ್ವಾ? ಹುಟ್ಟಿದಾಗಿಂದ ನೋಡ್ತಿದೀನಿ! ಮಾಡಿದ್ದು ತಪ್ಪು, ತಿದ್ದೋಕೆ ಮೈಗಳ್ಳತನ. ಅದಕ್ಕೆ ನೆರಿಗೆ ಪುರಾಣ ಹೇಳ್ತೀಯಾ, ಸೋಮಾರಿ!"

ಗುರುಸಿದ್ದನ ಮುಖ ಕಪ್ಪಿಟ್ತು. ಆದ್ರೂ ವಿಮಾನದ ಮೇಲೆ ಕೈ ಅಡ್ಡ ಇಟ್ಟ. "ಸಿಟ್ಟಲ್ಲಿ ಕೊಯ್ದ ಮೂಗು ಆಮೇಲೆ ಅಂಟಲ್ಲ ಕಣೋ. ಸಂಜೆವರೆಗೂ ತಡ್ಕೋ."

"ತೆಗಿಯೋ ಕೈ!"

ಫಣೀಂದ್ರ ಆ ಕೈನ ಪಟ್ ಅಂತ ತಳ್ಳಿದ. ಬ್ಲೇಡ್ ಹಾಕಿ ಬಾಗಿಲು ಕಿತ್ತ, ಅದು ಕೈಯಲ್ಲೇ ಎರಡು ಹೋಳು. ಉಪ್ಪುಕಾಗದ ತಗೊಂಡು ಕರಕರ ಕರಕರ ತಿಕ್ಕಿದ. ಅಷ್ಟೂ ರಿವೆಟ್ ಪುಡಿಯಾಗಿ ಮೇಜಿನ ಮೇಲೆ ಉದುರ್ತು! ಗುರುಸಿದ್ದ ತನ್ನ ಸೂಜಿ, ಚಿಮಟ ಬಟ್ಟೇಲಿ ಸುತ್ಕೊಂಡು ಎದ್ದು ಹೋದ.

"ಹೋಗೋ ಹೋಗು! ನೀನಿಲ್ದೆ ಕೆಲಸ ನಿಲ್ಲುತ್ತಾ?" ಅಂತ ಫಣೀಂದ್ರ ಬೆನ್ನಿಗೆ ಕೂಗಿದ. ಎಡಗಡೆ ತೂತಿಗೆ ಪುಟ್ಟಿ ಮೆತ್ತಿ ನುಣ್ಣಗೆ ಮಾಡ್ದ. ಬಲಗಡೆ ಕೊಯ್ಯೋಕೆ ಬ್ಲೇಡ್ ಎತ್ತಿದ್ದ, ಅಷ್ಟರಲ್ಲಿ ಮ್ಯೂಸಿಯಂ ಮೇಡಂ ದೇಚಮ್ಮ ಒಳಗೆ ಬಂದ್ರು. ಮೇಜಿನ ಮೇಲಿದ್ದ ಫೋಟೋ ನೋಡಿ ಅವರ ಮುಖ ಅರಳ್ತು.

"ಅಯ್ಯೋ, ಇವರು ನಮ್ಮ ಕೊಡಗಿನವರು! ನಮ್ಮ ಕಡೆ ನೆರಿಗೆ ಹಿಂದೆ, ಸೆರಗು ಬಲಭುಜಕ್ಕೆ. ನನ್ನ ಮದುವೇಲಿ ನಾನೂ ಹಿಂಗೇ ಉಟ್ಟಿದ್ದೆ." ಆಮೇಲೆ ಮಾಡೆಲ್ ಕಡೆ ತಿರುಗಿದ್ರು. "ಅಲ್ಲಾ ಫಣೀಂದ್ರ ಅವರೇ, ಫೋಟೋದಲ್ಲಿ ಇಷ್ಟು ಚೆನ್ನಾಗಿ ಕಾಣ್ತಿದೆ. ನಿಮ್ಮ ವಿಮಾನದ ಬಾಗಿಲೆಲ್ಲಿ?"

ಫಣೀಂದ್ರ ಬ್ಲೇಡ್ ಅಲ್ಲೇ ಬಿಸಾಕಿ ಗುರುಸಿದ್ದನ ಮನೆಗೆ ಓಡಿದ. "ಸಿದ್ದಾ, ನೀನೇ ಸರಿ ಕಣೋ, ಫೋಟೋ ಸರಿಯಾಗೇ ಇತ್ತು. ಬಾರೋ, ಬೆಳಗಾಗೋಷ್ಟರಲ್ಲಿ ಬಾಗಿಲು ಕೂರಿಸಿ ರಿವೆಟ್ ಇಡ್ಬೇಕು, ಅದಕ್ಕೆ ನಿನ್ನ ಕೈಯೇ ಬೇಕು!"

ಗುರುಸಿದ್ದ ಹೊಸಿಲು ದಾಟ್ಲಿಲ್ಲ. "ತಪ್ಪು ತಿಳ್ಕೊಂಡಿದ್ದಕ್ಕೆ ನಂಗೆ ಸಿಟ್ಟಿಲ್ಲ. ನಂಗೇನು ಸೆರಗಿನ ಲೆಕ್ಕ ಗೊತ್ತಿತ್ತಾ? ಕೇಳೋಣ ಅಂದೆ ಅಷ್ಟೇ. ಅದಕ್ಕೆ ನನ್ನ ಕೆಲಸಾನ ನನ್ನ ಕಣ್ಣೆದುರೇ ಪುಡಿ ಮಾಡ್ದೆ. ಸೋಮಾರಿ ಬರಲ್ಲ ಕಣಪ್ಪಾ, ನೀನು ಹೋಗು." ಬಾಗಿಲು ಹಾಕ್ಕೊಂಡ.

ಯುಗಾದಿ ದಿನ ಬೇವುಬೆಲ್ಲ ತಿಂದು ಊರಿಗೂರೇ ಮ್ಯೂಸಿಯಂಗೆ ಬಂತು. ಒಬ್ಬನೇ ಕೂತ ಫಣೀಂದ್ರನ ಕೈಲಿ ರಾತ್ರಿಯೆಲ್ಲ ಏನೂ ಆಗಿರ್ಲಿಲ್ಲ, ಗಾಜಿನ ಪೆಟ್ಟಿಗೇಲಿ ವಿಮಾನ ಇದ್ದಂಗೇ ಪಳಪಳ ಅಂತಿತ್ತು. ಒಬ್ಬ ಅಜ್ಜಿ ಪೆಟ್ಟಿಗೇನ ಒಂದು ಸುತ್ತು ಹಾಕಿ ಬಂದು ಜೋರಾಗಿ ಕೇಳಿದ್ರು: "ಏನಪ್ಪಾ ಇದು, ಎಡಕ್ಕೂ ಬಾಗಿಲಿಲ್ಲ, ಬಲಕ್ಕೂ ಬಾಗಿಲಿಲ್ಲ! ಜನ ಒಳಗೆ ಹೋಗ್ತಿದ್ದಿದ್ದಾದ್ರೂ ಹೆಂಗೆ?"

ಜನ ಗೊಳ್ಳಂತ ನಕ್ರು. ಫಣೀಂದ್ರನಿಗೆ ಮೈಯೆಲ್ಲ ಉರಿಯೋಷ್ಟು ಸಿಟ್ಟು ಬಂತು. ಯಾರನ್ನ ಬೈಯೋದು ಅಂತ ಸುತ್ತ ನೋಡಿದ. ಬೈಸ್ಕೊಳ್ಳೋಕೆ ಅವನ ಪಕ್ಕದಲ್ಲಿ ಯಾರೂ ಇರ್ಲಿಲ್ಲ.

ನೀತಿ: ನಮ್ಮನೇಲಿ ಕಂಡಿದ್ದಷ್ಟೇ ಲೋಕ ಅಲ್ಲ. "ಒಂದು ಮಾತು ಕೇಳೋಣ" ಅಂದವನ ಮೇಲೆ ರೇಗಿ ಕೈ ಮುಂದೆ ಮಾಡಿದ್ರೆ ಕೆಲಸಾನೂ ಹೋಗುತ್ತೆ, ಕೆಲಸಕ್ಕೆ ಹೆಗಲು ಕೊಟ್ಟವನೂ ಹೋಗ್ತಾನೆ.