ಉಸಿರು ಬಚ್ಚಿಟ್ಟ ಕೈಗಡಿಯಾರ

ಒಂದಾನೊಂದು ಕಾಲ ಅಂತ ಒಂದಿತ್ತಂತೆ ಕಾಂತು, ಮೊದಲು ಕಾಲು ಹೊದಿಕೆಯೊಳಗೆ ಎಳ್ಕೊ. ಆ ಕಾಲದಲ್ಲಿ ಗಡಿಯಾರ ರಿಪೇರಿ ಮಾಡೋ ರಾಚಪ್ಪ ಅಂತ ಒಬ್ಬನಿದ್ದನಂತೆ, ಅವನಿಗೆ ಮೂರು ಹೆಣ್ಣುಮಕ್ಕಳಂತೆ. ದೊಡ್ಡವಳು ಗಡಿಯಾರದ ಬೆನ್ನಿಗೆ ಚಾಕು ತೂರಿಸಿ ಎಬ್ಬಿಸೋ ಮುಚ್ಚಳ ಬಿಚ್ಚೋಳು, ನಡುವಿನವಳು ತಿರುಪಿನ ಮುಚ್ಚಳ ಬಿಚ್ಚೋಳು, ಕಿರಿಯವಳು ಚೆನ್ನಾಜಿ ನೀರಿಗೆ ಬಿದ್ದು ಬಂದ ಗಡಿಯಾರ ಒಣಗಿಸೋಳು. ಅಕ್ಕಂದಿರು ಅವಳನ್ನ ಒರೆಸೋ ಬಟ್ಟೆ ಅಂತಲೇ ಕರೆಯೋರಂತೆ.

ಆಮೇಲೆ ಗವಿಯ ರಕ್ಕಸಿ ಬಂದು, ಅಪ್ಪನ ಉಸಿರನ್ನೆಲ್ಲ ಹೀರಿ, ತನ್ನ ಕೈಗಡಿಯಾರದೊಳಗೆ ಬಚ್ಚಿಟ್ಟುಕೊಂಡು ಹೋದಳಂತೆ. ಅದು ಟಿಕ್ ಟಿಕ್ ಅನ್ನೋವರೆಗೆ ಅಪ್ಪನ ಎದೆ ಬಡಿಯುತ್ತೆ, ನಿಂತರೆ ಅಪ್ಪ ಇಲ್ಲ. ಆ ಉಸಿರಿನಿಂದಲೇ ರಕ್ಕಸಿಯೂ ಬದುಕಿದ್ದದ್ದು, ಆದರೂ ಕೀಲಿ ಕೊಡೋಳಲ್ಲ, ಮುಗಿದರೆ ಇನ್ನೊಬ್ಬರದು ತಂದರಾಯಿತು ಅನ್ನೋ ಸೋಮಾರಿ.

ಮಧ್ಯಾಹ್ನ ರಕ್ಕಸಿ ಉಂಡು ಗೊರಕೆ ಹೊಡೀತಿದ್ದಾಗ ದೊಡ್ಡವಳು ಹೋದಳಂತೆ. ಬೆಲ್ಟು ಹಿಡಿದಿದ್ದ ಸ್ಪ್ರಿಂಗ್ ಕಡ್ಡಿಯನ್ನ ಸೂಜಿಯಿಂದ ಒತ್ತಿ, ಗಡಿಯಾರ ಬಿಡಿಸಿ, ಅದರ ಬೆನ್ನಿಗೆ ಚಾಕು ಹಾಕಿದಳಂತೆ. ಚಾಕು ಕಿರ್ರನೆ ಜಾರಿತು, ರಕ್ಕಸಿ ಎದ್ದಳು, ಗುಳುಂ.

ಅಗಿದಳಾ ಅಜ್ಜಿ?

ಇಲ್ಲ ಕಣೋ, ಹಲ್ಲು ನೋವಂತೆ, ಹಾಗೇ ನುಂಗಿದಳು. ರಕ್ಕಸಿ ಬೆಲ್ಟು ಸಿಕ್ಕಿಸಿಕೊಂಡು ಮತ್ತೆ ಮಲಗಿದಳು. ಆಮೇಲೆ ನಡುವಿನವಳು ಹೋಗಿ, ಅದೇ ಬೆನ್ನಿಗೆ ಇಕ್ಕಳ ಹಾಕಿ ತಿರುಗಿಸಿದಳಂತೆ. ಇಕ್ಕಳ ಜಾರಿತು. ಅವಳೂ ಗುಳುಂ.

ಆಮೇಲೆ ಚೆನ್ನಾಜಿ ಹೋದಳಂತೆ. ಅಷ್ಟರಲ್ಲಿ ಟಿಕ್ ಅಂದರೆ ಇನ್ನೊಂದು ಟಿಕ್ ಬರೋದು ಅನುಮಾನ ಅನ್ನೋ ಹಾಗಾಗಿತ್ತು. ಗಡಿಯಾರ ಬಿಡಿಸಿ ನೋಡಿದರೆ ಬೆನ್ನು ಬಟ್ಟಲಿನ ತಳದ ಹಾಗೆ ನುಣ್ಣಗೆ, ಸಂದೇ ಇಲ್ಲ, ಬೆನ್ನೂ ಪಕ್ಕವೂ ಒಂದೇ ಲೋಹ, ಅಕ್ಕಂದಿರ ಗೀರು ಮಾತ್ರ. ಆಗ ಗವಿಯ ಮೇಲಿನಿಂದ ಒಂದು ಹನಿ ಗಾಜಿನ ಮೇಲೆ ಬಿತ್ತು. ಒದ್ದೆ ಗಡಿಯಾರ ಕಂಡರೆ ನೀರು ಎಲ್ಲಿಂದ ಒಳಗೆ ಹೋಯಿತು ಅಂತ ಮೊದಲು ಹುಡುಕೋದು ಅವಳ ಅಭ್ಯಾಸ. ಹನಿ ಗಾಜಿನ ಅಂಚು ಸುತ್ತಿ ಮಾಯವಾಯಿತು, ಗಾಜಿನ ಒಳಗೆ ಮಂಜು ಕಟ್ಟಿತು. ಓಹೋ, ಇದರ ಬಾಯಿ ಮುಂದಿದೆ, ಹಿಂದೆ ಅಲ್ಲ ಅಂದುಕೊಂಡಳಂತೆ.

ಪಕ್ಕದಲ್ಲಿರೋ ಕೀಲಿ ಕೊಡೋ ಗುಂಡಿ ಒಳಗಿನ ಯಂತ್ರವನ್ನ ಹಿಡಿದಿರುತ್ತೆ, ಅದನ್ನ ಎಳೆಯದೆ ಯಂತ್ರ ಬರಲ್ಲ. ಎಳೆದಳು. ಟಕ್ ಅಂತು. ಗೊರಕೆ ನಿಂತಿತು.

ಯಾರೇ ಅದು, ಅಂದಳಂತೆ ರಕ್ಕಸಿ ಕಣ್ಣು ಮುಚ್ಚಿಕೊಂಡೇ.

ನೀರು ತೊಟ್ಟಿಕ್ತಿದೆ ಕಣಮ್ಮ, ಒರೆಸ್ತಿದೀನಿ.

ಒರೆಸು ಒರೆಸು, ಗೀರು ಬಿದ್ದರೆ ನಿನ್ನ ಚರ್ಮ ಸುಲೀತೀನಿ, ಅಂತ ಮಗ್ಗುಲಾದಳಂತೆ.

ಚೆನ್ನಾಜಿ ಉಸಿರು ಬಿಗಿಹಿಡಿದು, ಐದೂ ಬೆರಳಿಂದ ಗಾಜಿನ ಸುತ್ತ ಒಂದೇ ಸಮ ಅದುಮಿದಳು. ಅದು ಪ್ಲಾಸ್ಟಿಕ್ಕಿನ ಹಾಗೆ ಬಗ್ಗೋ ಗಾಜು, ಚೂರು ಕುಗ್ಗಿ ಮೇಲೆದ್ದು ಬಂತು. ಅಂಗೈ ಮೇಲೆ ಬೋರಲು ಹಾಕಿದಳು, ಯಂತ್ರ ಉದುರಿತು, ಅದರ ಹಿಂದೆ ಬೆಚ್ಚಗೆ ಸುತ್ತಿಕೊಂಡಿದ್ದ ಅಪ್ಪನ ಉಸಿರು ಹೊರಗೆ ಹಾರಿ ಸೀದಾ ಅಪ್ಪನ ಎದೆಗೆ ಹೋಯಿತಂತೆ.

ರಕ್ಕಸಿ ಎದ್ದು ಬಾಯಿ ತೆರೆದಳು, ಕಿರುಚೋಕೆ ಉಸಿರೇ ಇಲ್ಲ. ಒಣಗಿದ ಬದನೆಕಾಯಿ ಹಾಗೆ ಮುದುಡಿ ಬಿದ್ದಳು. ಆ ತೆರೆದ ಬಾಯಿಂದಲೇ ಅಕ್ಕಂದಿರು ಜೊಲ್ಲು ಒರೆಸಿಕೊಂಡು ಹೊರಗೆ ಬಂದರಂತೆ. ಮನೆಗೆ ಬಂದರೆ ಅಪ್ಪ ಎದ್ದು ಕೂತು, ಎಲ್ಲಿ ತಿರುಗೋಕೆ ಹೋಗಿದ್ರೇ ಮೂರೂ ಜನ, ನನಗೆ ಹಸಿವು, ಅಂತ ಬೈದನಂತೆ. ಮೂವರೂ ಅತ್ತು, ಆಮೇಲೆ ಅನ್ನಕ್ಕೆ ಇಟ್ಟರಂತೆ. ಅವತ್ತಿಂದ ಅಂಗಡಿಗೆ ಯಾವ ಗಡಿಯಾರ ಬಂದರೂ ಅಕ್ಕಂದಿರು ಮೊದಲು ಚೆನ್ನಾಜಿ ಕೈಗೇ ಕೊಡೋರಂತೆ, ತಗೊಳೇ, ಇದರ ಬಾಯಿ ಎಲ್ಲಿದೆ ನೋಡು ಅಂತ.

ಅಷ್ಟೇ ಕಣೋ, ಅವರ ಕತೆ ಅಲ್ಲಿಗೆ ಮುಗೀತು, ನೀನಿನ್ನು ಮಲಗು.