ಸಾಹೇಬರ ಜೀಪಿನ ಹಲ್ಲು ನೋಡಿದ್ದು

ನಂಬೋದಿಲ್ಲ ಅನ್ನೋ ಗಂಡಸರಿದ್ದರೆ ನಮ್ಮೂರ ಹೈಸ್ಕೂಲಿಗೆ ಬಂದು ನೀರಿನ ತೊಟ್ಟಿ ನೋಡಿ, ಆಮೇಲೆ ಮಾತಾಡಿ.

ನಮ್ಮ ಇಂಗ್ಲಿಷ್ ಮೇಷ್ಟ್ರು ಪಾಠವನ್ನು ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದರು. ತಪಾಸಣೆಗೆ ಬಂದ ಸಾಹೇಬರಿಗೆ ಅದು ಸರಿಬರಲಿಲ್ಲ. 'ಇಂಗ್ಲಿಷ್ ಓನ್ಲಿ' ಎಂಬ ದೊಡ್ಡ ತಗಡಿನ ಬೋರ್ಡು ತಂದು ಗೋಡೆಗೆ ಹೊಡೆಸಿದರು. ಕನ್ನಡ ಆಡಿದವರು ಯಾರೇ ಆಗಲಿ, ಗೇಟಿನಾಚೆ ನಿಲ್ಲಬೇಕಂತೆ. ಮಕ್ಕಳು ಇವತ್ತೇ ಇಂಗ್ಲಿಷ್ ಮಾತಾಡಬೇಕಂತೆ. ಇಲ್ಲದಿದ್ದರೆ ಮೇಷ್ಟ್ರಿಗೆ ವರ್ಗವಂತೆ!

ಮೇಷ್ಟ್ರು ಒಳಗೊಳಗೇ ನಕ್ಕರು. ಮಕ್ಕಳನ್ನು ಅಂಗಳಕ್ಕೆ ಕರೆತಂದು, ಸಾಹೇಬರ ಜೀಪು ತೋರಿಸಿ, ವ್ಯಾಪಾರ ಮಾಡಿ ಎಂದು ಇಂಗ್ಲಿಷಿನಲ್ಲೇ ಹೇಳಿದರು.

ದನದ ದಲ್ಲಾಳಿಯ ಮಗಳು ಮಾದೇವಿ ಮುಂದೆ ಬಂದಳು. ಅಪ್ಪ ಎತ್ತಿನ ಹಲ್ಲು ನೋಡುವ ಹಾಗೆ ಬಾನೆಟ್ ಎತ್ತಿ ಇಣುಕಿದಳು.

"ನೋ ಟೀತ್, ಸಾರ್. ವೆರಿ ಓಲ್ಡ್. ಫಿಫ್ಟಿ ರುಪೀಸ್."

"ಸೋಲ್ಡ್!" ಎಂದರು ಮೇಷ್ಟ್ರು.

ಮಕ್ಕಳೆಲ್ಲ ಹೋ ಎಂದು ಜೀಪನ್ನು ಗೇಟಿನತ್ತ ತಳ್ಳತೊಡಗಿದರು.

"ಲೇ ಲೇ, ಬಿಡ್ರೋ! ಸರ್ಕಾರದ ಗಾಡಿ ಕಣ್ರೋ ಅದು!" ಎಂದು ಸಾಹೇಬರು ಎದ್ದುಬಿದ್ದು ಓಡಿದರು.

ಮೇಷ್ಟ್ರು ಗೋಡೆಯ ಬೋರ್ಡಿನತ್ತ ಕಣ್ಣು ಹಾಯಿಸಿದರು. ಗೇಟಿನಾಚೆಗೆ ಬೆರಳು ತೋರಿಸಿದರು.

ಸಾಹೇಬರು ಹೋಗಿ ನಿಂತರು. ಮೊದಲು ಮುಖ ಕೆಂಪಾಯಿತು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ನಿಮ್ಮಿಷ್ಟದಂತೆ ಪಾಠ ಮಾಡ್ರೀ ಮಾರಾಯ್ರೆ, ನನ್ನ ಜೀಪು ಕೊಡಿ!"

ಮೇಷ್ಟ್ರಿಗೆ ವರ್ಗವಾಗಲಿಲ್ಲ. ಸಿಕ್ಕಿದ್ದು ಆ ತಗಡಿನ ಬೋರ್ಡು. ಈಗದು ನೀರಿನ ತೊಟ್ಟಿಗೆ ಮುಚ್ಚಳ.