ತುಳಜವ್ವನ ಮೂರನೆಯ ಹಾಡು

ಭೀಮಾ ನದಿಯ ದಂಡೆಯಲ್ಲಿ ಒಂದು ಸಣ್ಣ ಮಠ. ಅಲ್ಲಿ ಲಾಲಸಾಬ ಮುತ್ಯಾ ತತ್ವಪದ ಕಲಿಸುತ್ತಿದ್ದರು. ಕಲಿಯಲು ಬಂದವರಲ್ಲಿ ಬಿಡದೆ ಉಳಿದವಳು ಭಾಗೀರಥಿ ಒಬ್ಬಳೇ.

ಅವಳಿಗೆ ಇಪ್ಪತ್ತಮೂರು ವರ್ಷ. ಮಠಕ್ಕೆ ಬಂದದ್ದು ಮುತ್ಯಾನ ಹೆಸರು ಕೇಳಿ ಅಲ್ಲ, ತುಳಜವ್ವನ ಹಾಡು ಕೇಳಿ.

ತುಳಜವ್ವ ಒಂದು ಕಾಲಕ್ಕೆ ಆ ಸೀಮೆಯಲ್ಲೆಲ್ಲ ಹೆಸರಾದ ಹಾಡುಗಾರ್ತಿ. ಹಾಡುವುದನ್ನು ಬಿಟ್ಟು ಹದಿನೈದು ವರ್ಷವಾಗಿತ್ತು. ಯಾಕೆ ಬಿಟ್ಟಳೆಂದು ಜನ ಏನೇನೋ ಹೇಳುತ್ತಿದ್ದರು. ಆರು ಹಾಡುಗಳ ಒಂದು ಕ್ಯಾಸೆಟ್ಟು ಮಾತ್ರ ಉಳಿದಿತ್ತು. ಅದರಲ್ಲಿ ಏಕತಾರಿ ನುಡಿಸಿದವರು ಲಾಲಸಾಬ ಮುತ್ಯಾ.

ಆ ಆರೂ ಹಾಡುಗಳನ್ನು ಭಾಗೀರಥಿ ಕಲಬುರಗಿಯ ಸ್ಟುಡಿಯೋದಲ್ಲಿ ಮತ್ತೆ ಹಾಡಿ ರೆಕಾರ್ಡ್ ಮಾಡಿಸಿದಳು. ಬಿಡುಗಡೆಗೆ ಎಂಟು ದಿನ ಉಳಿದಿತ್ತು. ಹಾಡುಗಳಿದ್ದ ಫೋನು ಹಿಡಿದುಕೊಂಡು ಮಠಕ್ಕೆ ಬಂದಳು.

ಮುತ್ಯಾ ಬೇವಿನ ಕೆಳಗೆ ಕೂತು ಎಲ್ಲವನ್ನೂ ಕೇಳಿದರು. ಮೂರನೆಯ ಹಾಡು ಬಂದಾಗ ಕಣ್ಣು ಮುಚ್ಚಿದರು.

"ಹ್ಯಾಂಗ ಅದಾವ, ಮುತ್ಯಾ?"

"ಯಾರ ಸಲುವಾಗಿ ಹಾಡಿದಿ?"

"ತುಳಜವ್ವನ ಸಲುವಾಗಿ."

"ಹಂಗಾದ್ರ ನನಗ್ಯಾಕ ಕೇಳಿಸ್ತಿ? ಅಕಿಗಿ ಕೇಳಿಸಿ ಬಾ."

ಭಾಗೀರಥಿ ಒಂದು ಒಳ್ಳೆಯ ಮಾತಿಗೆ ಕಾದಿದ್ದಳು. ಮುತ್ಯಾ ಎದ್ದು ಒಳಗೆ ಹೋದರು. ಸಿಟ್ಟಾದರೋ ಸಂತೋಷವಾಯಿತೋ ಅವಳಿಗೆ ತಿಳಿಯಲಿಲ್ಲ.

ತುಳಜವ್ವ ಹೊಳೆಯಾಚೆಯ ಊರಲ್ಲಿ ತಮ್ಮನ ಮನೆಯಲ್ಲಿದ್ದಳು. ಭಾಗೀರಥಿ ಹೋದಾಗ ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ಬಂದ ಕಾರಣ ಕೇಳಿದಳು, ನಕ್ಕಳು.

"ನಂದೂ ಒಬ್ಬರು ಹಾಡ್ತಾರಂದ್ರ! ಹಚ್ಚು, ಕೇಳೋಣು."

ಮೊದಲ ಹಾಡಿಗೆ ತಲೆದೂಗಿದಳು. ಎರಡನೆಯದಕ್ಕೆ ಸಣ್ಣಗೆ ದನಿಗೂಡಿಸಿದಳು.

ಮೂರನೆಯದು ಶುರುವಾಯಿತು. 'ಹೊಲ ಬಿಟ್ಟು ಹೋದ್ಯಲ್ಲೋ ಬಿತ್ತಿದವನೇ' ಎಂಬ ಸಾಲು ಬಂತು. ಆ ಸಾಲಿನ ನಡುವೆ ದನಿ ಒಡೆದು, ಒಂದು ಬಿಕ್ಕು ಬಂದು, ಮತ್ತೆ ಹಾಡು ಎದ್ದು ನಿಲ್ಲುತ್ತದೆ. ಆ ಹಾಡು ಜನರ ಬಾಯಲ್ಲಿ ಉಳಿದದ್ದೇ ಆ ಬಿಕ್ಕಿನಿಂದ. ಭಾಗೀರಥಿಯ ಕೊರಳಲ್ಲೂ ಅದು ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ ಬಂದಿತ್ತು.

ಶೇಂಗಾ ಸುಲಿಯುತ್ತಿದ್ದ ಕೈ ನಿಂತಿತು.

"ಬಂದ್ ಮಾಡು."

ಭಾಗೀರಥಿ ನಿಲ್ಲಿಸಿದಳು.

"ಆ ಜಾಗ ಕಲೀಲಿಕ್ಕ ಏಸು ದಿನ ಹಿಡೀತು?"

"ನಾಲ್ಕು ತಿಂಗಳು, ಅವ್ವ. ದಿನಾ ನೂರು ಸಲ ಕೇಳ್ತಿದ್ದೆ."

ತುಳಜವ್ವ ಕೈಯಲ್ಲಿದ್ದ ಶೇಂಗಾ ಬುಟ್ಟಿಗೆ ಹಾಕಿದಳು. ಆಮೇಲೆ ಹೇಳಿದಳು:

"ಕ್ಯಾಸೆಟ್ಟು ರೆಕಾರ್ಡ್ ಮಾಡಿದ ದಿನ ಹಾಡಿದ ಕಡೀ ಹಾಡು ಅದು. ಕ್ಯಾಸೆಟ್ಟಿನ್ಯಾಗ ಮೂರನೇದು ಮಾಡ್ಯಾರ. ಮಗಳು ದವಾಖಾನ್ಯಾಗ ಇದ್ದಳು. ಆರು ವರ್ಷದ ಕೂಸು. ಬರೇ ಜ್ವರ, ಎರಡು ದಿನಕ್ಕ ಇಳೀತದ ಅಂದಿದ್ರು. ಬಿಟ್ಟು ಬಂದಿದ್ದೆ. ಹಾಡ್ತಿದ್ದಾಗ ಗಾಜಿನ ಆಚೆ ನಮ್ಮ ತಮ್ಮ ಬಂದು ನಿಂತ. ಅವನ ಮಾರಿ ನೋಡಿದೆ. ತಿಳೀತು."

ಭಾಗೀರಥಿ ಫೋನು ಕೆಳಗಿಟ್ಟಳು.

"ಹಾಡು ಮುಗಿಸೇ ಎದ್ದೆ. ಯಾಕ ಮುಗಿಸಿದೆನೋ ನನಗ ಇವತ್ತಿಗೂ ತಿಳಿದಿಲ್ಲ. ಆ ಮ್ಯಾಲ ಯಾವ ಊರಿಗಿ ಹೋದ್ರೂ ಜನಕ್ಕ ಅದೇ ಹಾಡು ಬೇಕು. ಅದೇ ಜಾಗದಾಗ ಅದೇ ಅಳು ಬೇಕು. ಮೊದಮೊದಲು ತಾನೇ ಬರ್ತಿತ್ತು. ಬರಬರ್ತಾ ನಾನೇ ತರ್ತಿದ್ದೆ. ಒಂದಿನ ಹಾಡ್ಲಿಕ್ಕತ್ತಿದ್ದೆ. ಮುಂದ ಕೂತ ಹೆಣ್ಮಕ್ಕಳು ಕಣ್ಣು ಒರಸ್ಕೋತಿದ್ರು. ನಾ ಮನಸಿನ್ಯಾಗ, ಊರಿಗಿ ಕಡೀ ಬಸ್ಸು ಎಷ್ಟಕ್ಕದ ಅಂತ ನೆನಸ್ಲಿಕ್ಕತ್ತಿದ್ದೆ. ಅಳು ಮಾತ್ರ ಬರಾಬರಿ ಬಂತು."

"ಅವತ್ತೇ ಬಿಟ್ಟಿರೇನು?"

"ಅವತ್ತೇ."

"ನನಗ ಗೊತ್ತಿರ್ಲಿಲ್ಲ, ಅವ್ವ."

"ನಿನಗ ಹ್ಯಾಂಗ ಗೊತ್ತಿರ್ತದ?" ತುಳಜವ್ವ ಮತ್ತೆ ಶೇಂಗಾ ಕೈಗೆತ್ತಿಕೊಂಡಳು. "ಛಲೋ ಹಾಡಿದಿ. ನನಗಿಂತ ಛಲೋ ಅತ್ತಿ."

ಅದು ಬೈಗುಳವಾಗಿದ್ದರೆ ಭಾಗೀರಥಿ ತಡೆದುಕೊಳ್ಳುತ್ತಿದ್ದಳು. ಆದರೆ ತುಳಜವ್ವನ ಮುಖದಲ್ಲಿ ಸಿಟ್ಟೇ ಇರಲಿಲ್ಲ.

"ಆ ಹಾಡು ತೆಗೆದುಬಿಡ್ಲೇನು?"

"ನನ್ನ ಕೇಳಬ್ಯಾಡ. ಲಾಲಸಾಬನ್ನ ಕೇಳು. ಅವತ್ತ ಮಗ್ಗುಲಿಗೇ ಇದ್ದ."

ಭಾಗೀರಥಿ ಮಠಕ್ಕೆ ಹಿಂದಿರುಗಿದಾಗ ಮುತ್ಯಾ ಏಕತಾರಿಯ ತಂತಿ ಬದಲಿಸುತ್ತಿದ್ದರು. ಅವಳು ಕೂಡಲಿಲ್ಲ, ನಿಂತೇ ಕೇಳಿದಳು.

"ನಿಮಗ ಎಲ್ಲಾ ಗೊತ್ತಿತ್ತು. ನಾ ನಾಲ್ಕು ತಿಂಗಳು ಇಲ್ಲೇ, ನಿಮ್ಮ ಮುಂದೇ ಆ ಬಿಕ್ಕು ಕಲ್ತೆ. ಯಾಕ ಹೇಳಲಿಲ್ಲ?"

"ನಾಚಿಕಿ ಬಂತು."

"ಯಾರಿಗಿ?"

"ನನಗ." ಮುತ್ಯಾ ತಂತಿ ಕೆಳಗಿಟ್ಟರು. "ಗಾಜಿನ ಆಚೆ ಅವನ ಮಾರಿ ನಾನೂ ನೋಡಿದ್ದೆ. ಅಕಿ ದನಿ ಒಡೀತು. ನನ್ನ ಬೆರಳು ನಿಲ್ಲಲಿಲ್ಲ. ನಾ ತಂತಿ ಹಿಡದು ನಿಲ್ಲಿಸಿದ್ರ ಅಕಿ ಎದ್ದು ಹೋಗ್ತಿದ್ದಳು."

ಭಾಗೀರಥಿ ಗುರುವಿನ ಮೇಲೆ ಸಿಟ್ಟು ಮಾಡಿಕೊಂಡು ಬಂದಿದ್ದಳು. ಈಗ ಆ ಸಿಟ್ಟನ್ನು ಎಲ್ಲಿಡಬೇಕೋ ತಿಳಿಯದೆ ಹೋಯಿತು.

"ಬಿಕ್ಕು ತೆಗೆದ್ರ ಹಾಡು ಸಪ್ಪಗಾಗ್ತದ. ಇಟ್ರ ಅಕಿ ಮಗಳ ಸಾವು ನಾ ಕದ್ದಂಗ ಆಗ್ತದ. ಏನ್ ಮಾಡ್ಲಿ?"

ಮುತ್ಯಾ ಬಿಚ್ಚಿದ ಹಳೆಯ ತಂತಿಯನ್ನು ಸುತ್ತಿ ಎತ್ತಿಟ್ಟರು.

ಮರುದಿನ ಭಾಗೀರಥಿ ಸ್ಟುಡಿಯೋದವನಿಗೆ ಫೋನು ಮಾಡಿದಳು. ಮೂರನೆಯ ಹಾಡು ಬೇಡ ಎಂದಳು.

"ಅಕ್ಕಾ, ಜನ ಕೇಳೋದೇ ಅದೊಂದು ಹಾಡು!" ಎಂದು ಅವನು ಕೂಗಾಡಿದ.

ಐದೇ ಹಾಡು ಹೊರಬಂದವು. ಜನ ಕೇಳಿದರು, ಮೆಚ್ಚಿದರು. ಎಲ್ಲರೂ ಒಂದೇ ಪ್ರಶ್ನೆ ಕೇಳಿದರು: ಆ ಹಾಡು ಯಾಕೆ ಬಿಟ್ಟಿ? ಒಬ್ಬ ಮುದುಕ ಅವಳ ದಾರಿ ಅಡ್ಡಗಟ್ಟಿ, "ನನ್ನ ಹೇಣ್ತಿ ಸತ್ತಾಗ ಆ ಹಾಡೇ ನನ್ನ ಉಳಿಸಿದ್ದು. ಅದನ್ನ ಬಿಟ್ಟು ತುಳಜವ್ವಗ ಎಂಥಾ ಗೌರವವ್ವ ನಿಂದು?" ಎಂದ.

ತುಳಜವ್ವನಿಂದ ಏನೂ ಸುದ್ದಿ ಬರಲಿಲ್ಲ.

ಭಾಗೀರಥಿಗೆ ಊಟ ಸೇರದಾಯಿತು. ಹಾಡನ್ನು ಇಟ್ಟಿದ್ದರೆ ತಪ್ಪಾಗುತ್ತಿತ್ತು. ಬಿಟ್ಟದ್ದು ಸರಿ ಅಂತಲೂ ಅನಿಸಲಿಲ್ಲ. ಹೊಲದಲ್ಲಿ ಕೆಲಸ ಮಾಡುವಾಗ ಆ ಸಾಲು ತಾನಾಗಿ ಬಾಯಿಗೆ ಬರುತ್ತಿತ್ತು. ಬಿಕ್ಕು ಕೂಡ ತಾನಾಗಿಯೇ ಬರುತ್ತಿತ್ತು. ಅದು ಯಾರದು ಎಂದು ಅವಳಿಗೇ ಗೊತ್ತಾಗುತ್ತಿರಲಿಲ್ಲ.

ತಿಂಗಳಾದ ಮೇಲೆ ಒಂದು ಮುಂಜಾನೆ ಮಠಕ್ಕೆ ಬಂದಳು. ಮುತ್ಯಾ ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು.

"ನಾ ಮಾಡಿದ್ದು ಸರಿಯೋ ತಪ್ಪೋ, ಒಂದು ಮಾತು ಹೇಳ್ರಿ ಮುತ್ಯಾ. ನನಗ ಸಾಕಾಗೇದ."

ಮುತ್ಯಾ ಏಕತಾರಿಯನ್ನು ತೊಡೆಯ ಮೇಲಿಟ್ಟುಕೊಂಡರು.

"ಹಾಡು."

"ಅದನ್ನೇ?"

"ಅದನ್ನೇ."

ಅವಳು ಶುರು ಮಾಡಿದಳು. ತಂತಿ ಹಿಂದೆಯೇ ಬಂತು. ಮೊದಲ ನುಡಿ ಮುಗಿಯಿತು. ಆ ಸಾಲು ಹತ್ತಿರವಾಯಿತು. ನಾಲ್ಕು ತಿಂಗಳ ರೂಢಿ ಕೊರಳಿನಲ್ಲಿ ತಯಾರಾಗಿ ನಿಂತಿತ್ತು. 'ಹೊಲ ಬಿಟ್ಟು' ಎಂದಳು. ಬಿಕ್ಕು ಮೇಲೆದ್ದಿತು.

ಅವಳು ಬಾಯಿ ಮುಚ್ಚಿಕೊಂಡಳು.

ಆ ಕ್ಷಣವೇ ಮುತ್ಯಾ ಅಂಗೈಯಿಂದ ತಂತಿಯನ್ನು ಒತ್ತಿ ಹಿಡಿದರು.

ಹಾಡೂ ಇಲ್ಲ, ತಂತಿಯೂ ಇಲ್ಲ. ಭಾಗೀರಥಿ ಎದ್ದು ನಿಂತಳು. ಮುತ್ಯಾ ತಂತಿ ಬಿಡಲಿಲ್ಲ. ಅವಳು ತಡೆಯಲಾರದೆ ಕೇಳಿದಳು.

"ಈಗ ಮುಂದೇನು, ಮುತ್ಯಾ?"

"ನಿಲ್ಲಿಸಿದ ಮ್ಯಾಲ ಏನು ಬರ್ತದ ಅಂತ ನನಗೂ ಗೊತ್ತಿಲ್ಲವ್ವ. ಕೂಡು."